ಮೊದಲು ಕೈ, ಆಮೇಲೆ ಕಣ್ಣು: ಮಕ್ಕಳ ಜೊತೆ ಚಳಿಗಾಲದ ಪದ್ಯ

ಚಳಿಗಾಲದ ಮೇಲೆ ಒಂದು ಪದ್ಯ ಬರೆಯಿರಿ ಅಂತ ಹೇಳಿ ಮಕ್ಕಳ ಕೈಗೆ ಹಾಳೆ ಕೊಟ್ಟರೆ ಏನು ಬರುತ್ತದೆ ಅನ್ನೋದು ಪಾಠ ಮಾಡುವವರಿಗೆಲ್ಲ ಗೊತ್ತು. ಚುಮುಚುಮು ಚಳಿ ಬರುತ್ತದೆ. ಗಡಗಡ ನಡುಕ ಬರುತ್ತದೆ. ಬೆಚ್ಚನೆಯ ಸ್ವೆಟರ್ ಬರುತ್ತದೆ. ಇಡೀ ಕ್ಲಾಸಿನ ಹಾಳೆ ಓದಿದರೂ ಒಂದೇ ಮಗು ಬರೆದ ಹಾಗೆ ಇರುತ್ತದೆ. ಕೆಲವು ಪದ್ಯಗಳಲ್ಲಿ ಹಿಮವೂ ಬೀಳುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಜಿಲ್ಲೆಯ ಮಗು ಹಿಮದ ಬಗ್ಗೆ ಬರೆಯುತ್ತದೆ, ಯಾಕೆಂದರೆ ಟಿವಿಯಲ್ಲಿ, ಮೊಬೈಲಿನಲ್ಲಿ, ಇಂಗ್ಲಿಷ್ ರೈಮ್ಸ್‌ನಲ್ಲಿ ಅದು ನೋಡಿದ ಚಳಿಗಾಲ ಅದೇ.

ನಾನು ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪ್ರತಿ ಚಳಿಗಾಲ ಮಕ್ಕಳ ಜೊತೆ ಪದ್ಯ ಬರೆಸುವ ಕೆಲಸ ಮಾಡುತ್ತೇನೆ. ಇದನ್ನು ಮಾಡುತ್ತಾ ಮಾಡುತ್ತಾ ನನಗೆ ಗಟ್ಟಿಯಾದ ನಂಬಿಕೆ ಒಂದಿದೆ: ಮಕ್ಕಳಿಂದ ಪದ್ಯ ಬರೆಸುವಾಗ ಕಣ್ಣಿನಿಂದ ಶುರು ಮಾಡಬಾರದು. ಕಣ್ಣು ಬಹಳ ಬೇಗ ಬೇರೆಯವರ ಚಿತ್ರ ಸಾಲ ತರುತ್ತದೆ. ಕೈ ತರುವುದಿಲ್ಲ. ಕಾಲಿನ ಅಡಿಗೆ, ನಾಲಿಗೆಗೆ, ಮೂಗಿಗೆ ಸಾಲ ತರೋದು ಗೊತ್ತೇ ಇಲ್ಲ. ಅವಕ್ಕೆ ಈ ಊರಿನ ಚಳಿ ಮಾತ್ರ ಗೊತ್ತು.

ನಮ್ಮ ಕಡೆ ಚಳಿ ಹೇಗಿದೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಪದ್ಯದ ಆಕಾರವೂ ಅದರಿಂದಲೇ ಬರುತ್ತದೆ. ಕಲಬುರಗಿಯಲ್ಲಿ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಬೀದರ್ ಇನ್ನೂ ಎತ್ತರದಲ್ಲಿದೆ, ಅಲ್ಲಿ ಕೆಲವು ವರ್ಷ 10ಕ್ಕಿಂತ ಕೆಳಗೂ ಹೋಗುತ್ತದೆ. ಸಮುದ್ರ ದೂರ, ಗಾಳಿ ಒಣ, ಆಕಾಶ ನಿರ್ಮಲ. ಹಗಲಿಡೀ ನೆಲ ಕುಡಿದ ಬಿಸಿಯೆಲ್ಲ ರಾತ್ರಿ ಮೇಲಕ್ಕೆ ಹಾರಿಹೋಗುತ್ತದೆ. ಹಾಗಾಗಿ ನಮ್ಮ ಚಳಿಗಾಲ ಇಡೀ ದಿನದ್ದಲ್ಲ, ಬೆಳಗಿನದು. ಆರು ಗಂಟೆಗೆ ಒಂದು ಕಾಲ, ಒಂದು ಗಂಟೆಗೆ ಇನ್ನೊಂದು ಕಾಲ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು, ಆದರೆ ಅದು ಪದ್ಯಕ್ಕೆ ಬರುವ ವಿಷಯ ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ.

ಆದ್ದರಿಂದ ನಾನು ಮೊದಲ ದಿನ ಹಾಳೆ ಕೊಡುವುದೇ ಇಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ವರಾಂಡಕ್ಕೆ ಕರೆದುಕೊಂಡು ಹೋಗಿ ಚಪ್ಪಲಿ ಬಿಡಿಸುತ್ತೇನೆ. ನಮ್ಮ ಶಾಲೆಯ ನೆಲ ಫರ್ಸಿ. ಶಹಾಬಾದ್ ಕಲ್ಲು ಅಂತ ದೂರದ ಊರಿನವರು ಕರೆಯುವುದು ಇದನ್ನೇ. ನಮಗಿದು ನೆಲವೂ ಹೌದು, ಕೆಲವರ ಮನೆಯಲ್ಲಿ ಗೋಡೆಯೂ ಹೌದು, ಮಾಳಿಗೆಯೂ ಹೌದು, ಬಟ್ಟೆ ಒಗೆಯುವ ಕಲ್ಲೂ ಹೌದು. ಕಣ್ಣು ಮುಚ್ಚಿ, ಒಂದು ಕಾಲು ಫರ್ಸಿ ಮೇಲೆ, ಇನ್ನೊಂದು ಕಾಲು ಗೋಣಿಚೀಲದ ಮೇಲೆ ಇಟ್ಟು ನಿಲ್ಲಿ ಅನ್ನುತ್ತೇನೆ. ಎರಡು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಕೇಳುತ್ತೇನೆ, ಎಲ್ಲಿ ಗೊತ್ತಾಯ್ತು? ಬೆರಳಿಗಾ, ಹಿಮ್ಮಡಿಗಾ, ಮೊಣಕಾಲಿಗಾ?

"ಹಲ್ಲಿಗಿ ಬಂತ್ರಿ ಟೀಚರ್" ಅಂತ ಒಬ್ಬ ಹುಡುಗ ಹೇಳಿದ. ಕಾಲಿಟ್ಟಿದ್ದು ಕಲ್ಲಿನ ಮೇಲೆ, ಗೊತ್ತಾಗಿದ್ದು ಹಲ್ಲಿಗೆ. ಅಲ್ಲಿಗೆ ಅರ್ಧ ಪದ್ಯ ಸಿಕ್ಕ ಹಾಗೇ ಅಲ್ವಾ?

ಈ ಆಟದ ಜೊತೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಲ್ಲೂ ಚೀಲವೂ ರಾತ್ರಿಯೆಲ್ಲ ಒಂದೇ ವರಾಂಡದಲ್ಲಿ ಇದ್ದವು, ಹಾಗಿದ್ದರೆ ಕಲ್ಲೇ ಯಾಕೆ ಜಾಸ್ತಿ ತಂಪು? ವಿಜ್ಞಾನದ ಟೀಚರ್ ಇದ್ದರೆ ಅವರನ್ನೂ ಕರೆಯಿರಿ. ಎರಡರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ. ಕಲ್ಲು ನಮ್ಮ ಕಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಚೀಲ ನಿಧಾನ ಎಳೆದುಕೊಳ್ಳುತ್ತದೆ. ನಮಗೆ ತಿಳಿಯುವುದು ಕಲ್ಲಿನ ತಂಪಲ್ಲ, ನಮ್ಮ ಬಿಸಿ ಹೋಗುವ ವೇಗ. ಇದನ್ನು ಹೇಳಿದ ಮೇಲೆ ಮಕ್ಕಳ ಸಾಲುಗಳು ಬದಲಾಗುವುದನ್ನು ನಾನು ನೋಡಿದ್ದೇನೆ. ಕಲ್ಲು ಏನೋ ತೆಗೆದುಕೊಂಡಿತು, ಕಸಿದುಕೊಂಡಿತು ಅನ್ನುವ ಮಾತುಗಳು ಬರತೊಡಗುತ್ತವೆ. ಕಾರಣ ತಿಳಿದರೆ ಕವಿತೆ ಹಾಳಾಗುತ್ತದೆ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ.

ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದದ್ದು:

ಫರ್ಸಿ ಮ್ಯಾಗ ಕಾಲಿಟ್ಟೆ
ಕಾಲು ಒಮ್ಮೆಗೇ ಎದ್ದವು
ಕಣ್ಣು ಇನ್ನಾ ಮಲಗ್ಯಾವ

ಮೂರೇ ಸಾಲು. ನಾನು ಒಂದಕ್ಷರ ಮುಟ್ಟಲಿಲ್ಲ.

ಎರಡನೇ ಜಾಗ ಬೋರಿಂಗ್. ಶಾಲೆಯ ಹಿಂದಿನ ಕೈಪಂಪನ್ನು ನಮ್ಮಲ್ಲಿ ಹಾಗೇ ಕರೆಯುತ್ತಾರೆ. ಬೆಳಿಗ್ಗೆ ಅದರ ಕಬ್ಬಿಣದ ಹಿಡಿ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ. ಹತ್ತು ಸಲ ಒತ್ತಿ, ಬರುವ ನೀರಿಗೆ ಕೈ ಕೊಟ್ಟರೆ ಬೆಚ್ಚಗಿರುತ್ತದೆ. ನೆಲದ ಆಳದಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತದೆ. ಬೇಸಿಗೆಯಲ್ಲಿ ಅದೇ ನೀರು ತಣ್ಣಗೆ ಅನ್ನಿಸುತ್ತದೆ, ಚಳಿಯಲ್ಲಿ ಬೆಚ್ಚಗೆ. ದಿನಾ ನೀರು ತರುವ ಹುಡುಗಿಯರಿಗೆ ಇದು ಹೊಸ ಸುದ್ದಿಯೇನಲ್ಲ. ಆದರೆ ದಿನಾ ಮಾಡುವ ಕೆಲಸದ ಬಗ್ಗೆ ಪದ್ಯ ಬರೆಯಬಹುದು ಅನ್ನೋದು ಹೊಸತು. ಇಲ್ಲಿ ಗಂಡು ಹುಡುಗರಿಗಿಂತ ಅವರ ಕೈಗೇ ಜಾಸ್ತಿ ಗೊತ್ತಿರುತ್ತದೆ, ಮತ್ತು ಕ್ಲಾಸಿನಲ್ಲಿ ಬಾಯಿ ಬಿಡದವರು ಬೋರಿಂಗ್ ಹತ್ತಿರ ಮಾತಾಡತೊಡಗುತ್ತಾರೆ.

ಬೋರಿಂಗಿನ ಕೈ ಕಚ್ಚತದ
ಬೋರಿಂಗಿನ ಹೊಟ್ಟಿ ಬಿಸಿ
ನೀರು ಹೊರಗ ಬಂದು
ಹೊಗಿ ಬಿಡತದ
ನಮ್ಮ ಮುತ್ಯಾನಂಗ

ಮುತ್ಯಾ ಅಂದರೆ ಅಜ್ಜ. ಇಲ್ಲಿ 'ಕಚ್ಚತದ' ಅನ್ನುವ ಮಾತು ಹೇಗೆ ಬಂತು ಅಂತ ಹೇಳಬೇಕು. ಬರೆಯಲು ಕೂರುವ ಮುಂಚೆ ನಾನು ಬೋರ್ಡಿನ ಮೇಲೆ ಕೆಲವು ಮಾತುಗಳನ್ನು ಬರೆದು ಅಡ್ಡಗೆರೆ ಎಳೆಯುತ್ತೇನೆ: ಚಳಿ, ಥಂಡಿ, ತಂಪು, ನಡುಕ, ಚೆಂದ, ಸುಂದರ, ಖುಷಿ. ಈ ಮಾತುಗಳನ್ನು ಇವತ್ತು ಯಾರೂ ಬಳಸುವಂತಿಲ್ಲ. ಮೊದಲು ಗಲಾಟೆ ಆಗುತ್ತದೆ. "ಮತ್ತ ಹೆಂಗ ಬರೀಬೇಕ್ರೀ?" ಅಂತ ಕೇಳುತ್ತಾರೆ. ಹಿಡಿ ಮುಟ್ಟಿದಾಗ ಏನಾಯ್ತು, ಅದನ್ನು ಬರಿ ಅನ್ನುತ್ತೇನೆ. ಕೈಗೆ ಏನಾಯ್ತು? ಕೈ ಏನು ಮಾಡ್ತು? ಆಮೇಲೆ? ಈ ಮೂರು ಪ್ರಶ್ನೆ ಸಾಕು. ಮಕ್ಕಳ ಪಕ್ಕ ಕೂತು ಇಷ್ಟೇ ಕೇಳುತ್ತಾ ಹೋಗಬೇಕು. ಒಳ್ಳೆಯ ಸಾಲು ನಮಗೇ ಹೊಳೆದುಬಿಡುತ್ತದೆ, ಆಗ ಬಾಯಿ ಮುಚ್ಚಿಕೊಂಡಿರುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ.

ರುಚಿಗೆ ಬರೋಣ. ನಮ್ಮ ಚಳಿಗಾಲದ ರುಚಿಗಳು ಎಷ್ಟು! ಹೊಲದಲ್ಲೇ ಕಿತ್ತು ತಿನ್ನುವ ಸುಲಗಾಯಿ ಅಂದರೆ ಹಸಿ ಕಡಲೆ, ಹಸಿ ತೊಗರಿಕಾಯಿ ಕುದಿಸಿ ಉಪ್ಪು ಹಾಕಿದ್ದು, ಎಲಚಿಹಣ್ಣು ಅಂತಲೂ ಕರೆಯುವ ಬಾರಿಹಣ್ಣು, ಸಗಣಿ ಕುಳ್ಳಿನ ಕೆಂಡದ ಮೇಲೆ ಎಳೆ ಜೋಳದ ತೆನೆ ಸುಟ್ಟು ಉಜ್ಜಿ ತೆಗೆಯುವ ಸೀತನಿ. ಆದರೆ ಪದ್ಯಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಒದಗುವುದು ಕಡಲೆ ಗಿಡ. ಬೆಳಿಗ್ಗೆ ಕಡಲೆ ಹೊಲಕ್ಕೆ ಹೋಗಿ ಎಲೆ ಸವರಿ ಬೆರಳು ನೆಕ್ಕಿದರೆ ಹುಳಿ. ಆ ಎಲೆಯ ಮೇಲೆಲ್ಲ ಸಣ್ಣ ಕೂದಲುಗಳಿವೆ, ಅವು ಹುಳಿ ನೀರು ಸುರಿಸುತ್ತವೆ, ಅದರಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಇರುತ್ತದೆ. ಹಿಂದಿನವರು ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿ ಸಮೇತ ಹಿಂಡಿ, ಆ ಕಡಲೆ ಹುಳಿಯನ್ನು ಹೊಟ್ಟೆನೋವಿಗೆ ಅಂತ ಇಟ್ಟುಕೊಳ್ಳುತ್ತಿದ್ದರು. ಒಂದು ಎಚ್ಚರಿಕೆ: ಈಗ ಕಡಲೆಗೆ ಔಷಧಿ ಹೊಡೆಯುತ್ತಾರೆ. ಹೊಲದವರನ್ನು ಕೇಳದೆ ಮಕ್ಕಳ ಬಾಯಿಗೆ ಎಲೆ ಮುಟ್ಟಿಸಬೇಡಿ. ಔಷಧಿ ಹೊಡೆಯದ ಒಂದು ಮೂಲೆ ಸಿಗದಿದ್ದರೆ ಬಾರಿಹಣ್ಣಿನಿಂದಲೇ ಮಾಡಿ.

ರುಚಿ ಬರೆಯುವಾಗ ಮಕ್ಕಳು 'ರುಚಿಯಾಗಿತ್ತು' ಅಂತ ಬರೆದು ನಿಲ್ಲಿಸುತ್ತಾರೆ. ದೊಡ್ಡವರೂ ಹಾಗೇ ಮಾಡುತ್ತೇವೆ. ಆಗ ನಾನು ಕೇಳುವುದು, ಮುಖದಲ್ಲಿ ಏನಾಯ್ತು ಅಂತ. ಪಕ್ಕದವರ ಮುಖ ನೋಡಿ ಬರಿ. ಹುಳಿ ತಿಂದವನ ಒಂದು ಕಣ್ಣು ಮುಚ್ಚುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ, ಭುಜ ಮೇಲೇರುತ್ತದೆ. ನಾಲಿಗೆಯ ಸುದ್ದಿಯನ್ನು ಇಡೀ ಮೈ ಹೇಳುತ್ತಿರುತ್ತದೆ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂದರೆ ಈ ಪಾಠಕ್ಕೆ ಹಬ್ಬವೇ. ಆ ದಿನ ಮಕ್ಕಳೆಲ್ಲ ಟ್ರ್ಯಾಕ್ಟರಿನಲ್ಲೋ ಬಂಡಿಯಲ್ಲೋ ಹೊಲಕ್ಕೆ ಹೋಗುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ, ಚರಗ ಚೆಲ್ಲುವುದು, ಅಂದರೆ ಎಡೆಯನ್ನು ಹೊಲದಲ್ಲಿ ಚೆಲ್ಲುವುದು. ನಮ್ಮ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದ ಬಜ್ಜಿ ಅಲ್ಲ, ಹಸಿ ಕಾಳು, ಸೊಪ್ಪು ಎಲ್ಲ ಸೇರಿಸಿ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಕುದಿಸಿದ್ದು. ಮರುದಿನ ಶಾಲೆಗೆ ಬಂದವರಿಗೆ ನಾನು ಒಂದೇ ಕೆಲಸ ಕೊಡುತ್ತೇನೆ: ಭಜ್ಜಿಯಲ್ಲಿ ನಿಮ್ಮ ಹಲ್ಲಿಗೆ ಸಿಕ್ಕ ಒಂದೇ ಒಂದು ಕಾಳಿನ ಬಗ್ಗೆ ಬರೆಯಿರಿ. ಹಬ್ಬದ ಬಗ್ಗೆ ಬರೆ ಅಂದರೆ ಪ್ರಬಂಧ ಬರುತ್ತದೆ. ಒಂದು ಕಾಳಿನ ಬಗ್ಗೆ ಬರೆ ಅಂದರೆ ಪದ್ಯ ಬರುತ್ತದೆ.

ವಾಸನೆ ಸ್ವಲ್ಪ ಕಷ್ಟ. ತಂಪಿನಲ್ಲಿ ವಸ್ತುಗಳಿಂದ ವಾಸನೆ ಕಡಿಮೆ ಏಳುತ್ತದೆ, ಮೂಗೂ ಕಟ್ಟಿರುತ್ತದೆ. ಮಕ್ಕಳು ಹೊರಗೆ ನಿಂತು ಮೂಗೇರಿಸಿ "ಏನೂ ಬರವಲ್ದು" ಅನ್ನುತ್ತಾರೆ. ಚಳಿಗಾಲದ ವಾಸನೆ ಬೇಕೆಂದರೆ ಬೆಂಕಿ ಇರುವ ಕಡೆ ಹೋಗಬೇಕು. ನಮ್ಮಲ್ಲಿ ಹಂಡೆಯಲ್ಲಿ ಸ್ನಾನದ ನೀರು ಕಾಯಿಸಲು ತೊಗರಿ ಕಟ್ಟಿಗೆ ಉರಿಸುತ್ತಾರೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು, ದೇಶಕ್ಕೆಲ್ಲ ಈ ಬೇಳೆಯ ರುಚಿ ಗೊತ್ತು, ಆದರೆ ಆ ಗಿಡದ ಹೊಗೆ ಹೇಗಿರುತ್ತದೆ ಅನ್ನೋದು ಈ ಮಕ್ಕಳಿಗೆ ಮಾತ್ರ ಗೊತ್ತು. ಅದು ಅವರ ಕೂದಲಲ್ಲಿರುತ್ತದೆ, ಯೂನಿಫಾರ್ಮಿನಲ್ಲಿರುತ್ತದೆ. ನಿಮ್ಮ ತೋಳು ಮೂಗಿಗೆ ಹಿಡಿದು ನೋಡಿ, ಇವತ್ತು ಬೆಳಿಗ್ಗೆ ನಿಮ್ಮ ಮನೆಯಲ್ಲಿ ಏನೇನಾಯ್ತು ಅಂತ ಅದು ಹೇಳುತ್ತದೆ, ಅದನ್ನು ಬರೆಯಿರಿ ಅನ್ನುತ್ತೇನೆ. ಹೊಗೆ, ಶೇಂಗಾ ಹಿಂಡಿ, ಕೊಬ್ಬರಿ ಎಣ್ಣೆ, ತಮ್ಮನ ತಲೆಗೆ ಹಾಕುವ ಕುಂಚಿಗಿಯ ಹಾಲಿನ ವಾಸನೆ. ಒಂದು ತೋಳಿನಲ್ಲಿ ಇಷ್ಟೆಲ್ಲ ಸಿಗುತ್ತದೆ.

ಕೊಬ್ಬರಿ ಎಣ್ಣೆ ಅಂದೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬಾಟಲಿಯನ್ನು ಬಿಸಿಲಿಗೆ ಇಡುವುದು, ಕಡ್ಡಿ ಹಾಕಿ ತೆಗೆಯುವುದು, ಕೈಯಲ್ಲಿ ಉಜ್ಜಿ ಕರಗಿಸುವುದು ಎಲ್ಲ ಮನೆಯಲ್ಲೂ ಇದೆ. ಪಕ್ಕದಲ್ಲೇ ಇಟ್ಟ ಕುಸುಬಿ ಎಣ್ಣೆ ಗಟ್ಟಿಯಾಗುವುದಿಲ್ಲ. ಎರಡೂ ಬಾಟಲಿ ಕ್ಲಾಸಿಗೆ ತಂದಿಟ್ಟು ಸುಮ್ನೆ ನೋಡಲು ಬಿಡಿ. ಥರ್ಮಾಮೀಟರ್ ಇಲ್ಲದ ಶಾಲೆಗೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ.

ಕಿವಿಯ ಪಾಠ ನನಗೆ ತುಂಬಾ ಇಷ್ಟ. ನಮ್ಮೂರಿಗೆ ರೈಲು ಹಳಿ ಹತ್ತಿರವೇನಲ್ಲ. ಆದರೂ ಚಳಿಗಾಲದ ನಸುಕಿನಲ್ಲಿ ವಾಡಿ ಜಂಕ್ಷನ್ ಕಡೆ ಹೋಗುವ ಗೂಡ್ಸ್ ಗಾಡಿ ಊರೊಳಗೇ ಹೊಕ್ಕ ಹಾಗೆ ಕೇಳುತ್ತದೆ. ಬೇಸಿಗೆ ಮಧ್ಯಾಹ್ನ ಅದೇ ಗಾಡಿ ಹೋದದ್ದೇ ಗೊತ್ತಾಗುವುದಿಲ್ಲ. ಚಳಿಯ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಅದರ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಶಬ್ದ ಮೇಲೆ ಹೋಗಿ ಕಳೆದುಹೋಗುವ ಬದಲು ಬಾಗಿ ನೆಲದ ಕಡೆಗೆ ಬರುತ್ತದೆ. ಹಾಗಾಗಿ ದೂರದ್ದು ಹತ್ತಿರ ಆಗುತ್ತದೆ. ಮಕ್ಕಳಿಗೆ ನಾನು ಕೊಡುವ ಮನೆಗೆಲಸ ಇದು: ನಾಳೆ ಎಚ್ಚರಾದಾಗ ಕಣ್ಣು ತೆರೆಯಬೇಡಿ. ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿಯೊಳಗೇ ಇದ್ದು ಎಲ್ಲಕ್ಕಿಂತ ದೂರದ ಸದ್ದು ಯಾವುದು, ಎಲ್ಲಕ್ಕಿಂತ ಹತ್ತಿರದ ಸದ್ದು ಯಾವುದು ಕೇಳಿಸಿಕೊಳ್ಳಿ. ದೂರದ್ದು ಮೊದಲ ಸಾಲು, ಹತ್ತಿರದ್ದು ಕೊನೆಯ ಸಾಲು.

ಇದರಿಂದ ಬರುವ ಪದ್ಯಗಳಿಗೆ ತಾನೇ ಒಂದು ಆಕಾರ ಬಂದುಬಿಡುತ್ತದೆ. ರೈಲು, ಗುಡಿಯ ಗಂಟೆ, ಮಸೀದಿಯ ಆಜಾನ್, ಪಕ್ಕದ ಮನೆಯ ರೊಟ್ಟಿ ತಟ್ಟುವ ಪಟಪಟ, ಮುತ್ಯಾನ ಕೆಮ್ಮು, ಪಕ್ಕದಲ್ಲಿ ಮಲಗಿದ ತಂಗಿಯ ಉಸಿರು. ಹೊರಗಿನಿಂದ ಒಳಗೆ ಬರುತ್ತಾ ಬರುತ್ತಾ ಪದ್ಯ ಹಾಸಿಗೆಗೆ ಬಂದು ನಿಲ್ಲುತ್ತದೆ.

ಇನ್ನೊಂದು ಆಕಾರ ಗಡಿಯಾರದ್ದು. ಒಂದೇ ದಿನದಲ್ಲಿ ಎರಡು ಕಾಲ ಇದೆ ಅಂದೆನಲ್ಲ, ಅದಕ್ಕೆ ಇದು ಹೊಂದುತ್ತದೆ. ಪ್ರತಿ ಸಾಲಿಗೂ ಒಂದು ಹೊತ್ತು, ಒಂದು ಇಂದ್ರಿಯ.

ಆರಕ್ಕ ಮುತ್ಯಾ ಕೆಮ್ಮತಾನ
ಏಳಕ್ಕ ಹೊಗಿ ಮೂಗಿನಾಗ
ಒಂಬತ್ತಕ್ಕ ಶಾಲಿ ಗ್ವಾಡಿ ಬಿಸಿ
ನಾವೆಲ್ಲ ಗ್ವಾಡಿಗಿ ಅಂಟೀವಿ
ಒಂದಕ್ಕ ಸ್ವೆಟರ್ ಸೊಂಟಕ್ಕ

ಪ್ರಾಸದ ಬಗ್ಗೆ ಒಂದು ಮಾತು. ಮಕ್ಕಳು ಪದ್ಯ ಅಂದರೆ ಕೊನೆಯಲ್ಲಿ ಪ್ರಾಸ ಇರಲೇಬೇಕು ಅಂದುಕೊಂಡಿರುತ್ತಾರೆ. ಗಾಳಿ ಅಂದ ಕೂಡಲೇ ಹೋಳಿ, ಬೋಳಿ, ಕೋಳಿ ಹುಡುಕುತ್ತಾ ಹೋಗಿ, ಕೈಯಲ್ಲಿ ಹಿಡಿದಿದ್ದ ಬಾರಿಹಣ್ಣನ್ನೇ ಮರೆತುಬಿಡುತ್ತಾರೆ. ಹಳಗನ್ನಡದ ಕವಿಗಳು ಪ್ರಾಸವನ್ನು ಹೆಚ್ಚಾಗಿ ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಇಡುತ್ತಿದ್ದರು ಅಂತ ಹೇಳಿದರೆ ಅವರಿಗೆ ಆಶ್ಚರ್ಯ. ನಾನು ಈ ಪಾಠದ ಮಟ್ಟಿಗೆ ಕೊನೆಯ ಪ್ರಾಸ ಬೇಡ ಅಂತಲೇ ಹೇಳುತ್ತೇನೆ. ಬದಲಿಗೆ ಸದ್ದಿನ ಮಾತು ಎಷ್ಟು ಬೇಕಾದರೂ ಬಳಸಬಹುದು. ಗಲಗಲ, ಚಟಚಟ, ಚುರುಚುರು, ಬುಸುಬುಸು ನಮ್ಮಲ್ಲಿ ಬೇಕಾದಷ್ಟಿವೆ, ಸಾಲದಿದ್ದರೆ ಮಕ್ಕಳು ಹೊಸದು ಮಾಡುತ್ತಾರೆ. ಜೋಳದ ಹೊಲಕ್ಕೆ ಬರುವ ಗುಲಾಬಿ ಬಣ್ಣದ ಕಬ್ಬಕ್ಕಿಗಳ ಹಿಂಡು ಒಮ್ಮೆಲೇ ಮೇಲೆದ್ದಾಗಿನ ಸದ್ದನ್ನು ಒಬ್ಬ ಹುಡುಗ 'ಭುರ್ಸ್ಸ್' ಅಂತ ಬರೆದಿದ್ದ. ಹಕ್ಕಿ ಕಾಯಲು ಅಟ್ಟದ ಮೇಲೆ ಕೂತು ಕವಣಿ ಬೀಸಿದವನಿಗೆ ಮಾತ್ರ ಆ ಸದ್ದು ಬರೆಯಲು ಸಾಧ್ಯ.

ಭಾಷೆಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಪರೀಕ್ಷೆಯ ಉತ್ತರದಲ್ಲಿ 'ಇದೆ' ಬರೆಯಲಿ, ಪದ್ಯದಲ್ಲಿ 'ಅದ' ಬರೆಯಲಿ. ಮಕ್ಕಳಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಅವರು ಗೊಂದಲಪಡುವುದಿಲ್ಲ, ಗೊಂದಲ ಬೀಳುವವರು ನಾವು. ಮೊದಲ ಸಲ ಬರೆದ ಹಾಳೆಗೆ ಕೆಂಪು ಪೆನ್ನು ಮುಟ್ಟಿಸಬೇಡಿ. ಒತ್ತಕ್ಷರ ತಪ್ಪಿದ್ದರೆ ಆಮೇಲೆ, ಗೋಡೆಗೆ ಅಂಟಿಸಲು ಚೆಂದ ಮಾಡಿ ಬರೆಯುವಾಗ ತಿದ್ದಿದರೆ ಸಾಕು. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವವರಿದ್ದಾರೆ, ಉರ್ದು ಮಾತಾಡುವವರಿದ್ದಾರೆ, ತೆಲುಗಿನವರಿದ್ದಾರೆ. ಅವರು ಮೊದಲು ತಮ್ಮ ಮಾತಿನಲ್ಲಿ ಹೇಳಲಿ, ಗೆಳೆಯರು ಕೂಡಿ ಕನ್ನಡಕ್ಕೆ ತರಲಿ. ಬರೆಯಲು ಇನ್ನೂ ಬಾರದ ಮಗು ಇದ್ದರೆ ಅದು ಹೇಳಲಿ, ದೊಡ್ಡ ಕ್ಲಾಸಿನವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಡಲಿ. ಅಕ್ಷರ ಬರಲಿಲ್ಲ ಅಂತ ಮೂಗು, ನಾಲಿಗೆ ಕೆಲಸ ಮಾಡುವುದು ನಿಂತಿರುವುದಿಲ್ಲವಲ್ಲ.

ಚಳಿಗಾಲದ ಪದ್ಯ ಅಂದರೆ ಎಲ್ಲ ಮಕ್ಕಳಿಗೂ ಸಂತೋಷದ ಪದ್ಯವೇ ಆಗಬೇಕಿಲ್ಲ. ಇದನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು. ತೊಗರಿ ಹೂ ಬಿಟ್ಟಾಗ ಮಂಜು ಬಿದ್ದರೆ ಹೂ ಉದುರುತ್ತದೆ, ಮೋಡ ಕವಿದರೆ ಕಾಯಿಕೊರಕ ಹುಳ ಜಾಸ್ತಿಯಾಗುತ್ತದೆ. ಪಟ್ಟಣದವರು ಮಂಜಿನ ಫೋಟೊ ತೆಗೆಯುವ ಬೆಳಿಗ್ಗೆ ಇಲ್ಲಿ ಅಪ್ಪ ಹೊಲದ ಬದುವಿನ ಮೇಲೆ ನಿಂತಿರುತ್ತಾನೆ. ಆ ಮನೆಯ ಮಗುವಿಗೆ ಮಂಜು ಚೆಂದ ಅಂತ ಬರೆಸುವುದು ಹೇಗೆ? ಆರನೇ ಕ್ಲಾಸಿನ ಹುಡುಗನ ಪದ್ಯ ಇದು:

ಹೂವಿನಾಗ ಮಂಜು ಬಿದ್ರ
ಅಪ್ಪ ಮಾತಾಡಲ್ಲ
ಕಾಯಿ ಒಣಗಿ ಗಲಗಲ ಅಂದ್ರ
ಅಪ್ಪ ಹಾಡತಾನ

ದುಃಖ, ಚಿಂತೆ, ಬಡತನ ಅನ್ನುವ ಯಾವ ಮಾತೂ ಇದರಲ್ಲಿಲ್ಲ. ಒಂದು ಸಾಲಿನಲ್ಲಿ ಸದ್ದಿಲ್ಲ, ಇನ್ನೊಂದರಲ್ಲಿ ಸದ್ದಿದೆ. ಒಣಗಿದ ತೊಗರಿ ಗಾಳಿಗೆ ಗಲಗಲ ಅನ್ನುವುದನ್ನು ಕೇಳಿದವರಿಗೆ ಆ ಮನೆಯ ಇಡೀ ವರ್ಷ ಇದರಲ್ಲಿ ಕೇಳಿಸುತ್ತದೆ.

ದಸರಾ, ದೀಪಾವಳಿ ಮುಗಿದ ಮೇಲೆ ನಮ್ಮ ಲಂಬಾಣಿ ತಾಂಡಾಗಳಿಂದ, ಹಳ್ಳಿಗಳಿಂದ ಎಷ್ಟೋ ಜನ ಮುಂಬೈ, ಪುಣೆ, ಹೈದರಾಬಾದ್ ಕಡೆ ದುಡಿಯಲು ಹೋಗುತ್ತಾರೆ. ಮಕ್ಕಳು ಆಯಿ ಅಂದರೆ ಅಜ್ಜಿ, ಮುತ್ಯಾನ ಹತ್ತಿರ ಉಳಿಯುತ್ತಾರೆ. ಅವರಿಗೆ ಚಳಿಗಾಲ ಅಂದರೆ ಅವ್ವ ಇಲ್ಲದ ತಿಂಗಳುಗಳು. 'ಅವ್ವನ ಬಗ್ಗೆ ಬರಿ' ಅಂತ ನಾನು ಎಂದೂ ಹೇಳುವುದಿಲ್ಲ, ಅದು ಮಗುವಿನ ಗಾಯಕ್ಕೆ ಕೈ ಹಾಕಿದ ಹಾಗೆ. ಮುಟ್ಟಿ ನೋಡಿದ್ದನ್ನು ಬರೆ ಅನ್ನುತ್ತೇನೆ. ಬರೆಯಬೇಕು ಅನ್ನಿಸಿದವರು ತಾವೇ ಆ ಕಡೆ ಹೋಗುತ್ತಾರೆ.

ಕೌದ್ಯಾಗ ಅವ್ವನ ಸೀರಿ ಅದ
ಹಸರು ತುಂಡು, ಕೆಂಪು ತುಂಡು
ಹಸರು ತುಂಡಿನಾಗ ಉಳ್ಳಾಗಡ್ಡಿ ವಾಸನಿ
ನಾ ಆ ಕಡಿ ತಲಿ ಇಟ್ಟು ಮಲಗತೀನಿ

ಇಂಥ ಪದ್ಯ ಬಂದಾಗ ಅದನ್ನು ಎಲ್ಲರ ಮುಂದೆ ಓದಿಸಬೇಕೋ ಬೇಡವೋ ಅನ್ನುವುದನ್ನು ಮಗುವೇ ತೀರ್ಮಾನ ಮಾಡಲಿ. ಈ ಹುಡುಗಿ ಓದಲಿಲ್ಲ. ಹಾಳೆಯನ್ನು ಮಡಚಿ ಕಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡಳು. ಎಷ್ಟೋ ದಿನದ ಮೇಲೆ ತಾನೇ ಬಂದು, ಇಲ್ಲಿ ಹಾಕಿರಿ, ಹೆಸರು ಬ್ಯಾಡ್ರಿ ಅಂದಳು, ಅದಕ್ಕೇ ಹಾಕಿದ್ದೇನೆ. ಈ ಕೆಲಸದಲ್ಲಿ ಕವಿತೆಗಿಂತ ಮಗು ಮೊದಲು.

ಇಷ್ಟೆಲ್ಲ ಆದ ಮೇಲೆ ಕಣ್ಣಿಗೆ ಸರದಿ. ಕೈ, ಕಿವಿ, ಮೂಗು, ನಾಲಿಗೆ ಒಂದು ಸುತ್ತು ಹಾಕಿ ಬಂದ ಮಗು ನೋಡುವ ರೀತಿಯೇ ಬೇರೆ. ಆಗ ಅದಕ್ಕೆ ತೊಗರಿ ಗಿಡದ ನಡುವಿನ ಜೇಡರ ಬಲೆಯ ಮೇಲಿನ ಇಬ್ಬನಿ ಕಾಣುತ್ತದೆ, ಹಿಮ್ಮಡಿಯ ಬಿರುಕಿನಲ್ಲಿ ಸಿಕ್ಕ ಕರಿಮಣ್ಣು ಕಾಣುತ್ತದೆ. ಟಿವಿಯ ಹಿಮ ವಾಪಸ್ ಬರುವುದಿಲ್ಲ.

ಬೀದರ್, ಯಾದಗಿರಿ ಕಡೆಯ ಗೆಳೆಯರು ಇದನ್ನೇ ಹೀಗೇ ಮಾಡಬೇಕಿಲ್ಲ. ಬೀದರಿನಲ್ಲಿ ನೆಲವೇ ಬೇರೆ. ಆ ಕೆಂಪು ಜಂಬಿಟ್ಟಿಗೆ ಕಲ್ಲಿನ ತೂತುಗಳಲ್ಲಿ ಬೆಳಿಗ್ಗೆ ಬೆರಳಿಟ್ಟು ನೋಡಲಿ. ಯಾರ ಮನೆಯಲ್ಲಾದರೂ ಬಿದರಿ ಸಾಮಾನಿದ್ದರೆ ಅದನ್ನು ಕೆನ್ನೆಗೆ ಒತ್ತಿ ನೋಡಲಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ ಲೋಹ ಅದು. ಬೆಳ್ಳಿಯ ಗೆರೆ ಎಲ್ಲಿ ಶುರುವಾಗುತ್ತದೆ ಅಂತ ಕಣ್ಣು ಮುಚ್ಚಿ ಉಗುರಿನಿಂದ ಹುಡುಕುವುದೇ ಒಂದು ಪದ್ಯ. ಕಬ್ಬು ಬೆಳೆಯುವ ಊರುಗಳಲ್ಲಿ ಆಲೆಮನೆ ಇದ್ದರೆ ವಾಸನೆಗೆ ಬೇರೆಲ್ಲೂ ಹೋಗಬೇಕಿಲ್ಲ. ಶಹಾಪುರ, ಯಾದಗಿರಿಯಲ್ಲಿ ಬಂಡೆಗಳ ಗುಡ್ಡವಿದೆ. ಹಗಲಿಡೀ ಕಾದ ಬಂಡೆ ಸಂಜೆ ಗಾಳಿ ತಣ್ಣಗಾದ ಮೇಲೂ ಬೆನ್ನಿಗೆ ಬಿಸಿ ಕೊಡುತ್ತದೆ, ಅಲ್ಲಿ ಸಂಜೆಯ ಪದ್ಯ ಬರೆಸಿ. ಸುರಪುರದ ಹತ್ತಿರದವರಿಗೆ ಬೋನಾಳ ಕೆರೆ ಇದೆ, ಚಳಿಗಾಲಕ್ಕೆ ಅಲ್ಲಿ ಹಕ್ಕಿಗಳು ಸೇರುತ್ತವೆ. ಅಲ್ಲಿ ಮಾತ್ರ ಮಕ್ಕಳು ಕ್ಯಾಮೆರಾ ಮೊಬೈಲ್ ಕೇಳುತ್ತಾರೆ. ಕೊಡಬೇಡಿ, ಅರ್ಧ ಗಂಟೆ ಬರೀ ಕೇಳಲಿ.

ಮಾರ್ಕ್ಸ್ ಕೊಡಬೇಡಿ. ಸ್ಪರ್ಧೆ ಮಾಡಬೇಡಿ. ಮೊದಲ ಬಹುಮಾನ ಬಂದ ಪದ್ಯವನ್ನು ಮುಂದಿನ ವರ್ಷ ಎಲ್ಲರೂ ನೋಡಿ ಬರೆಯುತ್ತಾರೆ. ಗೋಡೆಗೆ ಅಂಟಿಸಿ, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಬಂದ ತಂದೆತಾಯಿಯರಿಗೆ ಮಕ್ಕಳೇ ಓದಿ ಹೇಳಲಿ. ಅಕ್ಷರ ಓದಲು ಬಾರದ ಆಯಿಯೊಬ್ಬರು ಮೊಮ್ಮಗಳ ಸೀತನಿ ಪದ್ಯ ಕೇಳಿ, "ಖರೇ ಬರದದ ನೋಡ್ರೀ, ಆದ್ರ ಬೆಲ್ಲ ಮರತದ" ಅಂದರು. ಆ ಹುಡುಗಿ ಅಲ್ಲೇ ನಿಂತು, ಪೆನ್ನು ತೆಗೆದು, ಬೆಲ್ಲದ ಒಂದು ಸಾಲು ಸೇರಿಸಿದಳು.

ಮಾಡುವವರಿದ್ದರೆ ನವೆಂಬರ್ ಕೊನೆಗೆ ಶುರು ಮಾಡಿ, ಸಂಕ್ರಾಂತಿಯ ಎಳ್ಳು ಹಂಚುವ ಹೊತ್ತಿಗೆ ಪದ್ಯಗಳು ಗೋಡೆ ಮೇಲಿರಲಿ. ಸೀತನಿ ಪದ್ಯ ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ, ತೆನೆ ಹಾಲುಗಾಳಾಗುವ ತನಕ ಕಾಯಬೇಕು, ಅದಕ್ಕೆ ಗೋಡೆಯಲ್ಲಿ ಜಾಗ ಬಿಟ್ಟಿರಿ. ಫೆಬ್ರವರಿ ಬಂದರೆ ಹತ್ತು ಗಂಟೆಗೇ ಬಿಸಿಲು ಚುರುಕಾಗುತ್ತದೆ, ಪರೀಕ್ಷೆಯ ಗಡಿಬಿಡಿಯೂ ಶುರುವಾಗುತ್ತದೆ. ನಿಮ್ಮ ಮಕ್ಕಳು ಬರೆದದ್ದನ್ನು ಅವರ ಒಪ್ಪಿಗೆ ಕೇಳಿ ಕೆಳಗೆ ಹಾಕಿ, ನಮ್ಮ ಮಕ್ಕಳಿಗೆ ಓದಿ ಹೇಳುತ್ತೇನೆ. ಬೀದರಿನ ಬೆಳಿಗ್ಗೆ ಹೇಗಿರುತ್ತದೆ ಅಂತ ಅವರು ಕೇಳುತ್ತಲೇ ಇದ್ದಾರೆ.